ಟ್ಯಾಕ್ಸಿ ಬಾಡಿಗೆಯ ಡೈರಿ: ‘ದಿ ಆಂಡಿ ವಾರ್ಹೋಲ್ ಡೈರೀಸ್’ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಈ ಸಾಕ್ಷ್ಯಚಿತ್ರ ಸರಣಿ ನೋಡಿ ಅಂತ ಸಿಕ್ಕವರಿಗೆಲ್ಲ ಹೇಳುತ್ತಾ ಬಂದೆ. ಅದರ ಫಲ ಈಗ ಉಣ್ಣುತ್ತಿದ್ದೇನೆ. ರಾತ್ರಿ ಹನ್ನೊಂದಕ್ಕೆ ‘ಈ ಜೆಡ್ ಯಾರು, ಜಾನ್ ಯಾರು’ ಅಂತ ಮೆಸೇಜು ಬರುತ್ತದೆ. ಒಬ್ಬರು ಮದುವೆ ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತು ಪಾಯಸ ಬರುವವರೆಗೂ ವಾದ ಮಾಡಿದರು. ಇನ್ನು ಕೆಲವರು ಉದ್ದದ ಪತ್ರವನ್ನೇ ಬರೆದರು. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಮೊದಲು ಸುಲಭದವು, ಆಮೇಲೆ ತೊಡಕಿನವು. ಕಥೆ ಮೊದಲೇ ಗೊತ್ತಾಗಿಬಿಡುತ್ತೆ ಅನ್ನುವ ಭಯ ಬೇಡ. ಇಲ್ಲಿ ಬರುವ ಮುಖ್ಯ ಮೂವರೂ ಸತ್ತು ಎಷ್ಟೋ ವರ್ಷಗಳಾಗಿವೆ, ಅದನ್ನು ಯಾರೂ ಮುಚ್ಚಿಟ್ಟಿಲ್ಲ.

## ಶುರುವಿಗೆ

ಇದು ಸಿನಿಮಾನಾ, ಸೀರಿಯಲ್ಲಾ? ಎಷ್ಟು ಹೊತ್ತು ಕೂರಬೇಕು?

ಆರು ಕಂತುಗಳ ಸಾಕ್ಷ್ಯಚಿತ್ರ. ಒಂದೊಂದು ಕಂತು ಹೆಚ್ಚುಕಮ್ಮಿ ಒಂದು ಗಂಟೆ. 2022ರ ಮಾರ್ಚ್ 9ರಂದು ನೆಟ್‌ಫ್ಲಿಕ್ಸ್‌ನಲ್ಲಿ ಬಂತು. ಬರೆದು ನಿರ್ದೇಶಿಸಿದವರು ಆಂಡ್ರೂ ರಾಸಿ, ನಿರ್ಮಾಣದ ಹಿಂದೆ ಇದ್ದವರಲ್ಲಿ ರಯಾನ್ ಮರ್ಫಿ ಮುಖ್ಯರು. ಅಮೆರಿಕದ ಕಲಾವಿದ ಆಂಡಿ ವಾರ್ಹೋಲ್ ಹತ್ತು ವರ್ಷ ಹೇಳಿ ಬರೆಸಿದ ಡೈರಿ ಇದಕ್ಕೆ ಆಧಾರ.

ಒಂದೇ ರಾತ್ರಿ ಆರೂ ಕಂತು ಮುಗಿಸಲು ಹೋಗಬೇಡಿ. ದಿನಕ್ಕೊಂದು ನೋಡಿದರೆ ಸರಿಹೋಗುತ್ತದೆ. ನಾನು ಮೊದಲ ಸಲ ಒಟ್ಟಿಗೆ ಮೂರು ನೋಡಿ, ಮಾರನೇ ದಿನ ಪೂರ್ತಿ ಮಂಕಾಗಿ ಕೂತಿದ್ದೆ.

ವಾರ್ಹೋಲ್ ಅಂದ್ರೆ ಆ ಸೂಪ್ ಡಬ್ಬಿ ಚಿತ್ರ ಬರೆದವನು ಅಲ್ವಾ? ಅದೇನು ಮಹಾ?

ಅವನೇ. 1962ರಲ್ಲಿ ಲಾಸ್ ಏಂಜಲೀಸ್‌ನ ಫೆರಸ್ ಗ್ಯಾಲರಿಯಲ್ಲಿ ಕ್ಯಾಂಪ್‌ಬೆಲ್ ಸೂಪ್ ಡಬ್ಬಿಯ 32 ಚಿತ್ರ ಸಾಲಾಗಿ ಇಟ್ಟ. ಅಂಗಡಿಯ ಶೆಲ್ಫಿನಲ್ಲಿ ಜೋಡಿಸಿದ ಹಾಗೆ. ಒಂದೊಂದು ರುಚಿಗೆ ಒಂದೊಂದು ಚಿತ್ರ. ಜನ ನಕ್ಕರು. ಆದರೆ ಆಮೇಲೆ ಮರ್ಲಿನ್ ಮನ್ರೋ ಮುಖವನ್ನೂ ಅದೇ ಡಬ್ಬಿಯ ಹಾಗೆ ಸಾಲು ಸಾಲಾಗಿ ಅಚ್ಚೊತ್ತಿದಾಗ ವಿಷಯ ನಗುವಷ್ಟು ಸರಳವಾಗಿ ಉಳಿಯಲಿಲ್ಲ. ಮನುಷ್ಯರ ಮುಖವೂ ಅಂಗಡಿ ಸಾಮಾನಾಗಿದೆ ಅಂತ ಅವನು ಬಾಯಿಬಿಟ್ಟು ಹೇಳಲಿಲ್ಲ, ತೋರಿಸಿದ. 2022ರ ಮೇ ತಿಂಗಳಲ್ಲಿ, ಅಂದರೆ ಈ ಸರಣಿ ಬಂದ ಎರಡೇ ತಿಂಗಳಿಗೆ, ಅವನ ಒಂದು ಮರ್ಲಿನ್ ಚಿತ್ರ 19.5 ಕೋಟಿ ಡಾಲರ್‌ಗೆ ಹರಾಜಾಯಿತು.

ಈ ಸರಣಿಗೆ ಸೂಪ್ ಡಬ್ಬಿಯ ಮೇಲೆ ಅಷ್ಟೇನೂ ಆಸಕ್ತಿ ಇಲ್ಲ. ಡಬ್ಬಿ ಬರೆದವನು ಮನೆಗೆ ಹೋದ ಮೇಲೆ ಯಾರ ಜೊತೆ ಊಟ ಮಾಡುತ್ತಿದ್ದ, ಯಾರು ಬರಲಿಲ್ಲ ಅಂತ ಕೊರಗುತ್ತಿದ್ದ ಅನ್ನುವುದರ ಹಿಂದೆ ಹೋಗುತ್ತದೆ.

ನಂಗೆ ಪೇಂಟಿಂಗ್ ಬಗ್ಗೆ ಏನೂ ಗೊತ್ತಿಲ್ಲ. ಅರ್ಥ ಆಗುತ್ತಾ?

ಆಗುತ್ತದೆ. ಹೆಸರುಗಳು ಮಾತ್ರ ಜಾಸ್ತಿ. 1970 ಮತ್ತು 80ರ ದಶಕದ ನ್ಯೂಯಾರ್ಕಿನ ಅರ್ಧ ಊರೇ ಬಂದು ಹೋಗುತ್ತದೆ. ಎಲ್ಲರನ್ನೂ ನೆನಪಿಟ್ಟುಕೊಳ್ಳಬೇಕಿಲ್ಲ. ಆಂಡಿಯ ಸಂಗಾತಿ ಜೆಡ್ ಜಾನ್ಸನ್, ಆಮೇಲೆ ಅವನು ಪ್ರೀತಿಸಿದ ಜಾನ್ ಗೌಲ್ಡ್, ಅವನ ಜೊತೆ ಕೂಡಿ ಚಿತ್ರ ಬರೆದ ಯುವ ಕಲಾವಿದ ಜಾನ್-ಮಿಷೆಲ್ ಬಾಸ್ಕಿಯಾ, ಈ ಮೂವರನ್ನು ಹಿಡಿದುಕೊಂಡರೆ ಸಾಕು. ಸಬ್‌ಟೈಟಲ್ ಹಾಕಿಕೊಂಡು ನೋಡಿ. ಆಂಡಿಯ ದನಿ ಒಂದೇ ಸಮನೆ ಗೊಣಗಿದ ಹಾಗೆ ಇರುತ್ತದೆ.

ಮನೆಮಂದಿ ಜೊತೆ ಕೂತು ನೋಡಬಹುದಾ?

ಚಿಕ್ಕ ಮಕ್ಕಳ ಜೊತೆ ಬೇಡ. ಗಂಡಸರಿಬ್ಬರ ಪ್ರೀತಿ, ಏಡ್ಸ್, ಡ್ರಗ್ಸ್ ಎಲ್ಲವೂ ನೇರವಾಗಿ ಬರುತ್ತವೆ. 70ರ ದಶಕದ ಅವನ ಕೆಲವು ಬೆತ್ತಲೆ ಚಿತ್ರಗಳೂ ಇವೆ. ಆದರೆ ನನ್ನ ಪರಿಚಯದ ಒಬ್ಬರು ಅರವತ್ತು ದಾಟಿದ ತಾಯಿಯ ಜೊತೆ ನೋಡಿದರಂತೆ. ಮೂರನೇ ಕಂತು ಮುಗಿದಾಗ ಆ ತಾಯಿ ಹೇಳಿದ್ದು ಇಷ್ಟೇ: ‘ಪಾಪ, ಯಾರೂ ಅವನಿಗೆ ಕೂತು ಅಳೋಕೆ ಬಿಡ್ಲಿಲ್ಲ.’ ನಾನು ಓದಿದ ಎಷ್ಟೋ ವಿಮರ್ಶೆಗಿಂತ ಇದು ವಾಸಿ.

ಅಷ್ಟು ದೊಡ್ಡ ಕಲಾವಿದನ್ನ ‘ಅವನು’ ಅಂತೀರಲ್ಲ?

ಆರು ಗಂಟೆ ಒಬ್ಬ ಮನುಷ್ಯ ಕಿವಿಯ ಹತ್ತಿರ ಕೂತು ಟ್ಯಾಕ್ಸಿಗೆ ಎಷ್ಟಾಯ್ತು, ಪಾರ್ಟಿಯಲ್ಲಿ ಯಾರು ಮಾತಾಡಿಸಲಿಲ್ಲ ಅಂತ ಹೇಳಿಕೊಂಡ ಮೇಲೆ ಬಹುವಚನ ಬಾಯಿಗೆ ಬರುವುದಿಲ್ಲ. ಬೇಸರವಾದರೆ ಮನ್ನಿಸಿ.

## ಡೈರಿಯ ಕಥೆ

ಟ್ಯಾಕ್ಸಿಗೆ ಎಷ್ಟು ಕೊಟ್ಟೆ ಅಂತ ಬರ್ಕೊಳ್ಳೋದು ಡೈರಿನಾ?

ಇದು ಶುರುವಾದದ್ದೇ ಲೆಕ್ಕದ ಪುಸ್ತಕವಾಗಿ! 1972ರ ಅಮೆರಿಕದ ಚುನಾವಣೆಯಲ್ಲಿ ವಾರ್ಹೋಲ್ ಒಂದು ಪೋಸ್ಟರ್ ಮಾಡಿದ. ಅದರಲ್ಲಿ ಅಧ್ಯಕ್ಷ ನಿಕ್ಸನ್ ಮುಖಕ್ಕೆ ವಿಕಾರವಾದ ಬಣ್ಣ ಬಳಿದು, ಕೆಳಗೆ ‘ಮೆಕ್‌ಗವರ್ನ್‌ಗೆ ಮತ ಹಾಕಿ’ ಅಂತ ಬರೆದಿದ್ದ. ಮೆಕ್‌ಗವರ್ನ್ ನಿಕ್ಸನ್‌ನ ಎದುರಾಳಿ. ಅಲ್ಲಿಂದಾಚೆ ತೆರಿಗೆ ಇಲಾಖೆಯವರು ವರ್ಷ ವರ್ಷವೂ ಅವನ ಲೆಕ್ಕ ತಪಾಸಣೆ ಮಾಡತೊಡಗಿದರು. ಹಾಗಾಗಿ ಕೆಲಸಕ್ಕೆ ಸಂಬಂಧಿಸಿದ ಒಂದೊಂದು ಡಾಲರಿಗೂ ಲೆಕ್ಕ ಇಡಬೇಕಾಯಿತು. ಅವನಿಗಂತೂ ಪಾರ್ಟಿಗೆ ಹೋಗುವುದೂ ಕೆಲಸವೇ, ಏಕೆಂದರೆ ಭಾವಚಿತ್ರ ಬರೆಸಿಕೊಳ್ಳುವ ಗಿರಾಕಿಗಳು ಸಿಗುತ್ತಿದ್ದದ್ದು ಅಲ್ಲೇ.

ಹಾಗಾಗಿ ಡೈರಿಯ ತುಂಬಾ ಕಂಸದೊಳಗೆ ಪುಟ್ಟ ಪುಟ್ಟ ಮೊತ್ತಗಳು. ಟ್ಯಾಕ್ಸಿ 4 ಡಾಲರ್. ಪತ್ರಿಕೆಗೆ ಇಷ್ಟು. ಫೋನಿಗೆ ಇಷ್ಟು. ರಸೀದಿಗಳನ್ನು ಆಯಾ ಪುಟಕ್ಕೇ ಸ್ಟೇಪಲ್ ಮಾಡಿ ಇಡುತ್ತಿದ್ದರು. ನಮ್ಮ ಅಜ್ಜಂದಿರು ಹಾಲಿನ ಲೆಕ್ಕ, ದೋಬಿ ಲೆಕ್ಕ ಬರೆಯುತ್ತಿದ್ದ ನೋಟ್‌ಬುಕ್ಕಿನ ಅಂಚಿನಲ್ಲಿ ‘ಇವತ್ತು ಮಳೆ, ದೊಡ್ಡಮ್ಮ ತೀರಿಕೊಂಡರು’ ಅಂತ ಒಂದು ಸಾಲು ಇರುತ್ತಿತ್ತಲ್ಲ, ಅದನ್ನು ನೆನೆಸಿಕೊಳ್ಳಿ. ಇಲ್ಲೂ ಹಾಗೇ. ಲೆಕ್ಕದ ನಡುವೆ ಬದುಕು ನುಸುಳಿಬಿಟ್ಟಿದೆ.

ಅವನೇ ಕೈಯಾರೆ ಬರೆದದ್ದಲ್ವಾ?

ಅಲ್ಲ. ವಾರದ ದಿನಗಳಲ್ಲಿ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಪ್ಯಾಟ್ ಹ್ಯಾಕೆಟ್ ಮತ್ತು ಅವನು ಫೋನಿನಲ್ಲಿ ಮಾತಾಡುತ್ತಿದ್ದರು. ಹಿಂದಿನ ದಿನ ನಡೆದದ್ದೆಲ್ಲ ಅವನು ಹೇಳುತ್ತಾ ಹೋಗುತ್ತಿದ್ದ, ಅವರು ಕಾಗದದ ಮೇಲೆ ಗೀಚಿಕೊಂಡು ಆಮೇಲೆ ಟೈಪ್ ಮಾಡುತ್ತಿದ್ದರು. ಹ್ಯಾಕೆಟ್ ಕಾಲೇಜು ಓದುತ್ತಿದ್ದಾಗಲೇ, 1968ರಲ್ಲಿ, ಅವನ ಬಳಿ ಟೈಪಿಸ್ಟ್ ಆಗಿ ಸೇರಿದವರು.

ಶುರು 1976ರ ನವೆಂಬರ್ 24. ಕೊನೆಯ ನಮೂದು 1987ರ ಫೆಬ್ರವರಿ 17. ಒಟ್ಟು ಸುಮಾರು 20,000 ಪುಟ. ಅವನು ಸತ್ತ ಎರಡು ವರ್ಷಕ್ಕೆ, 1989ರಲ್ಲಿ, ಹ್ಯಾಕೆಟ್ ಅದನ್ನು 800 ಪುಟದ ಪುಸ್ತಕವಾಗಿ ಇಳಿಸಿದರು.

ಮೊದಲು ಪುಸ್ತಕ ಓದಿ ಆಮೇಲೆ ನೋಡಬೇಕಾ?

ಬೇಡ. ನೋಡಿದ ಮೇಲೆ ಪುಸ್ತಕ ಸಿಕ್ಕರೆ ಅಲ್ಲೊಂದು ಇಲ್ಲೊಂದು ಪುಟ ತೆಗೆದು ಓದಿ. ಮೊದಲಿಂದ ಕೊನೆವರೆಗೂ ಓದಲು ಹೊರಟರೆ ಪಾರ್ಟಿಗಳ ಪಟ್ಟಿಯಲ್ಲೇ ಸುಸ್ತಾಗುತ್ತೀರಿ. ಪುಸ್ತಕ ಬಂದಾಗ ನ್ಯೂಯಾರ್ಕಿನ ದೊಡ್ಡ ಮನುಷ್ಯರೆಲ್ಲ ತಮ್ಮ ಹೆಸರು ಎಲ್ಲಿದೆ ಅಂತ ಹುಡುಕಿದರು. ಆದರೆ ಅದರಲ್ಲಿ ಹೆಸರುಗಳ ಸೂಚಿಯೇ ಇರಲಿಲ್ಲ. ಕೊನೆಗೆ ಒಂದು ಪತ್ರಿಕೆಯವರು ತಾವೇ ಕೂತು ಸೂಚಿ ಮಾಡಿ ಪ್ರಕಟಿಸಿದರು.

ಆ ಪುಸ್ತಕವನ್ನು ಆಗ ಜನ ಓದಿದ್ದು ಚಾಡಿ ಪುಸ್ತಕ ಅಂತ. ಯಾರು ಯಾರ ಬಗ್ಗೆ ಏನಂದರು ಅನ್ನುವುದಷ್ಟೇ ಕಂಡಿತು. ಅದರೊಳಗೆ ಎರಡು ಪ್ರೇಮಕಥೆ ಇತ್ತು ಅನ್ನುವುದನ್ನು ಗಟ್ಟಿಯಾಗಿ ಹೇಳಿದ್ದು ಈ ಸರಣಿ.

## ಮನೆಯೊಳಗಿನ ಜನ

ಅವನು ಮದುವೆ ಆಗಿದ್ನಾ?

ಇಲ್ಲ. ತನ್ನ ಟೇಪ್ ರೆಕಾರ್ಡರೇ ತನ್ನ ಹೆಂಡತಿ ಅಂತ ಹೇಳಿಕೊಳ್ಳುತ್ತಿದ್ದ. ತನಗೆ ಈ ಪ್ರೀತಿ, ಕಾಮ ಎಲ್ಲ ಬೇಡ ಅನ್ನುವ ಹಾಗೆ ಸಂದರ್ಶನಗಳಲ್ಲಿ ಮಾತಾಡುತ್ತಿದ್ದ. ಅವನು ಸಲಿಂಗಪ್ರೇಮಿ ಅನ್ನುವುದು ಸುತ್ತಲಿನವರಿಗೆಲ್ಲ ಗೊತ್ತಿದ್ದ ವಿಷಯ. ಆದರೂ ಹೊರಗಿನ ಲೋಕಕ್ಕೆ ಅವನು ಕಟ್ಟಿಕೊಟ್ಟದ್ದು ಬಿಳಿ ವಿಗ್ ಹಾಕಿಕೊಂಡ, ಯಾವ ಭಾವವೂ ಇಲ್ಲದ ಒಂದು ಗೊಂಬೆಯನ್ನು. 1963ರಲ್ಲೇ ‘ನಾನೊಂದು ಯಂತ್ರ ಆಗಬೇಕು’ ಅಂದಿದ್ದ. ಜನ ನಂಬಿಬಿಟ್ಟರು.

ಜೆಡ್ ಯಾರು, ಜಾನ್ ಯಾರು? ಈ ಜೇ ಅನ್ನೋನು ಯಾರು? ತಲೆ ಕೆಟ್ಟೋಯ್ತು.

ಎಲ್ಲರಿಗೂ ಕೆಡುತ್ತದೆ, ನಿಮ್ಮ ತಪ್ಪಲ್ಲ. ಜೆಡ್ ಜಾನ್ಸನ್‌ಗೆ ಒಬ್ಬ ಅವಳಿ ಸೋದರ, ಹೆಸರು ಜೇ. ಜಾನ್ ಗೌಲ್ಡ್‌ಗೂ ಒಬ್ಬ ಅವಳಿ ಸೋದರ, ಅವರ ಹೆಸರೂ ಜೇ! ಇಬ್ಬರು ಜೇಗಳೂ ತೆರೆಯ ಮೇಲೆ ಬಂದು ಮಾತಾಡುತ್ತಾರೆ. ಅಂದರೆ ಹಳೆಯ ಫೋಟೋದಲ್ಲಿ ಹುಡುಗನಾಗಿ ಕಂಡ ಮುಖ, ಮುಂದಿನ ದೃಶ್ಯದಲ್ಲಿ ವಯಸ್ಸಾಗಿ ಎದುರಿಗೆ ಕೂತಿರುತ್ತದೆ. ಸತ್ತವರು ಬದುಕಿದ್ದರೆ ಹೀಗಿರುತ್ತಿದ್ದರು ಅಂತ ಯಾರೂ ಹೇಳಬೇಕಾಗಿಲ್ಲ. ಬರಹಗಾರ ಯಾರಾದರೂ ಇದನ್ನು ಕಾದಂಬರಿಯಲ್ಲಿ ಬರೆದಿದ್ದರೆ ಅತಿಯಾಯ್ತು ಅನ್ನುತ್ತಿದ್ದೆವು.

ಜೆಡ್ ಎರಡನೇ ಕಂತು, ಜಾನ್ ಮೂರನೆಯದು. ಅಷ್ಟು ನೆನಪಿಟ್ಟುಕೊಳ್ಳಿ.

ಜೆಡ್ ಹನ್ನೆರಡು ವರ್ಷ ಜೊತೆಗಿದ್ದು ಯಾಕೆ ಬಿಟ್ಟು ಹೋದ?

ಜೆಡ್ ಮತ್ತು ಅವನ ಅವಳಿ ಸೋದರ ಹತ್ತೊಂಬತ್ತರ ವಯಸ್ಸಿನಲ್ಲಿ ನ್ಯೂಯಾರ್ಕಿಗೆ ಬಂದವರು. ವಾರ್ಹೋಲ್‌ನ ಸ್ಟುಡಿಯೋ ‘ಫ್ಯಾಕ್ಟರಿ’ಯಲ್ಲಿ ಜೆಡ್ ಕಸ ಗುಡಿಸುವ ಕೆಲಸದಿಂದ ಶುರು ಮಾಡಿದ. 1968ರ ಜೂನ್ 3ರಂದು ವ್ಯಾಲರಿ ಸೊಲಾನಸ್ ಎಂಬಾಕೆ ಅಲ್ಲೇ ವಾರ್ಹೋಲ್‌ಗೆ ಗುಂಡು ಹೊಡೆದಳು. ಅವನು ಬದುಕಿದ್ದೇ ಹೆಚ್ಚು. ಉಳಿದ ಜೀವಮಾನ ಪೂರ್ತಿ ಹೊಟ್ಟೆಗೆ ಬಿಗಿಪಟ್ಟಿ ಕಟ್ಟಿಕೊಂಡೇ ಇರಬೇಕಾಯಿತು. ಆಗ ಆರೈಕೆಗೆ ನಿಂತವನು ಜೆಡ್. ಹಾಗೆ ಬಂದವನು ಆ ಮನೆಯಲ್ಲೇ ಉಳಿದ.

ಅದು ಆಂಡಿಯ ತಾಯಿ ಜೂಲಿಯಾ ಕೂಡ ಇದ್ದ ಮನೆ. ಈಗಿನ ಸ್ಲೊವಾಕಿಯಾದ ಒಂದು ಹಳ್ಳಿಯಿಂದ ಪಿಟ್ಸ್‌ಬರ್ಗ್‌ಗೆ ವಲಸೆ ಬಂದ ಹೆಂಗಸು. ಮಗ ನ್ಯೂಯಾರ್ಕಿನಲ್ಲಿ ಒಬ್ಬನೇ ಇದ್ದಾನೆ ಅಂತ 1952ರಲ್ಲಿ ಬಂದು ಹತ್ತೊಂಬತ್ತು ವರ್ಷ ಅವನ ಜೊತೆ ಇದ್ದಳು.

ಜೆಡ್ ಮೆಲ್ಲಗೆ ಬೆಳೆದ. ಸಿನಿಮಾ ಸಂಕಲನ ಕಲಿತ, ಒಂದು ಸಿನಿಮಾ ನಿರ್ದೇಶಿಸಿದ, ಅದು ಓಡಲಿಲ್ಲ. ಆಮೇಲೆ ಒಳಾಂಗಣ ವಿನ್ಯಾಸದಲ್ಲಿ ನಿಜವಾದ ಹೆಸರು ಮಾಡಿದ. 66ನೇ ಬೀದಿಯ ಅವರ ಮನೆಯನ್ನು ಅಂದವಾಗಿ ಕಟ್ಟಿದವನೂ ಅವನೇ. ಆದರೆ ಆ ಹೊತ್ತಿಗೆ ಆಂಡಿ ರಾತ್ರಿ ರಾತ್ರಿ ಸ್ಟುಡಿಯೋ 54 ಎಂಬ ಡಿಸ್ಕೋದಲ್ಲಿ. ಜೆಡ್‌ಗೆ ಮನೆ ಬೇಕಿತ್ತು, ಆಂಡಿಗೆ ಊರು ಬೇಕಿತ್ತು. ಹೀಗೆ ಒಂದು ಸಾಲಿನಲ್ಲಿ ಹೇಳಿದರೆ ಸರಳವಾಗಿಬಿಡುತ್ತದೆ, ಆದರೂ ಜೇ ಜಾನ್ಸನ್ ಮಾತು ಕೇಳಿದರೆ ಹೆಚ್ಚುಕಮ್ಮಿ ಇದೇ ಅನ್ನಿಸುತ್ತದೆ.

1980ರ ಡಿಸೆಂಬರ್‌ನಲ್ಲಿ ಜೆಡ್ ಹೊರಟ. ಡೈರಿಯಲ್ಲಿ ಅದಕ್ಕೆ ಸಿಕ್ಕ ಜಾಗ ಎಷ್ಟು ಗೊತ್ತಾ? ಜೆಡ್ ಮನೆ ಬಿಡಲು ನಿರ್ಧರಿಸಿದ್ದಾನೆ, ನನಗೆ ಅದರ ಬಗ್ಗೆ ಮಾತು ಬೇಡ. ಇಷ್ಟೇ. ಹನ್ನೆರಡು ವರ್ಷಕ್ಕೆ ಒಂದು ಸಾಲು. ಅದೇ ಡೈರಿಯಲ್ಲಿ ಯಾವುದೋ ಔತಣಕೂಟಕ್ಕೆ ಎರಡು ಪುಟ.

ಡೈರಿ ಓದುವ ಕೀಲಿ ನನಗೆ ಸಿಕ್ಕಿದ್ದು ಇಲ್ಲೇ. ಎಲ್ಲಿ ಮಾತು ಜಾಸ್ತಿಯೋ ಅಲ್ಲಿ ಅವನಿಗೆ ಏನೂ ಆಗಿಲ್ಲ. ಎಲ್ಲಿ ಸಾಲು ತುಂಡಾಗುತ್ತದೋ ಅಲ್ಲಿ ನಿಂತು ನೋಡಬೇಕು. 1972ರಲ್ಲಿ ಜೂಲಿಯಾ ತೀರಿಕೊಂಡಾಗಲೂ ಅವನು ಹಾಗೇ. ಅಂತ್ಯಕ್ರಿಯೆಗೆ ಹೋಗಲಿಲ್ಲ, ಹತ್ತಿರದವರಿಗೂ ಹೇಳಲಿಲ್ಲ.

ಜೆಡ್ 1996ರ ಜುಲೈ 17ರಂದು ಪ್ಯಾರಿಸ್‌ಗೆ ಹೊರಟಿದ್ದ ಟಿಡಬ್ಲ್ಯೂಎ 800 ವಿಮಾನದಲ್ಲಿದ್ದ. ನ್ಯೂಯಾರ್ಕಿನಿಂದ ಏರಿದ ಸ್ವಲ್ಪ ಹೊತ್ತಿಗೇ ಅದು ಆಕಾಶದಲ್ಲಿ ಸಿಡಿಯಿತು. 230 ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಜಾನ್ ನಿಜವಾಗ್ಲೂ ಅವನನ್ನ ಪ್ರೀತಿಸ್ತಿದ್ನಾ, ಇಲ್ಲ ಸುಮ್ನೆ ಉಪಯೋಗಿಸಿಕೊಂಡ್ನಾ?

ಜಗಳ ಹೆಚ್ಚಾಗುವುದು ಈ ಪ್ರಶ್ನೆಗೇ. ಜಾನ್ ಗೌಲ್ಡ್ ಪ್ಯಾರಮೌಂಟ್ ಪಿಕ್ಚರ್ಸ್‌ನಲ್ಲಿ ದೊಡ್ಡ ಹುದ್ದೆಯಲ್ಲಿದ್ದ, ಇಪ್ಪತ್ತೇಳು ಇಪ್ಪತ್ತೆಂಟರ ಚೆಲುವ. ಐವತ್ತು ದಾಟಿದ ಆಂಡಿ 1981ರಲ್ಲಿ ಡೈರಿಗೆ ಹೇಳುತ್ತಾನೆ: ಪ್ರೀತಿಯಲ್ಲಿ ಬೀಳಬೇಕು ಅಂತ ತೀರ್ಮಾನಿಸಿದ್ದೇನೆ, ಈಗ ಜಾನ್ ಜೊತೆ ಅದನ್ನೇ ಮಾಡುತ್ತಿದ್ದೇನೆ. ಪ್ರೀತಿಗೂ ಟೈಮ್‌ಟೇಬಲ್! ನಗು ಬರುತ್ತದೆ. ಆಮೇಲೆ ಅವನು ಫೋನಿನ ಪಕ್ಕ ಕಾಯುವುದು, ಹೂವು ಕಳಿಸುವುದು ನೋಡಿದರೆ ನಗು ನಿಲ್ಲುತ್ತದೆ.

ಜಾನ್ ತನ್ನ ಕಚೇರಿಗೆ ಗೊತ್ತಾಗದ ಹಾಗೆ ಬದುಕುತ್ತಿದ್ದವನು. ಆಗಿನ ಹಾಲಿವುಡ್‌ನಲ್ಲಿ ಅದಕ್ಕೆ ಕಾರಣವೂ ಇತ್ತು. 1984ರ ಫೆಬ್ರವರಿಯಲ್ಲಿ ನ್ಯುಮೋನಿಯಾ ಬಂದು ಆಸ್ಪತ್ರೆ ಸೇರಿದ. ಗುಂಡೇಟಿನ ನಂತರ ಆಸ್ಪತ್ರೆ ಅಂದರೆ ನಡುಗುತ್ತಿದ್ದ ಆಂಡಿ ಅಲ್ಲಿಗೆ ದಿನಾ ಹೋದ. ಜಾನ್ ಮನೆಗೆ ಬಂದ ದಿನವೇ, ಇನ್ನು ಮುಂದೆ ಅವನ ತಟ್ಟೆ ಬಟ್ಟೆಗಳನ್ನು ಬೇರೆ ತೊಳೆಯಿರಿ ಅಂತ ಕೆಲಸದವರಿಗೆ ಆಂಡಿ ಹೇಳಿದ. ಎರಡೂ ಒಬ್ಬನೇ ಮನುಷ್ಯ, ಒಂದೇ ತಿಂಗಳು. ಏಡ್ಸ್ ಹೇಗೆ ಹರಡುತ್ತದೆ ಅಂತ ಊರಿಗೆ ಊರೇ ಗೊತ್ತಿಲ್ಲದೆ ಹೆದರಿದ್ದ ಕಾಲ ಅದು.

ಜಾನ್ ಲಾಸ್ ಏಂಜಲೀಸ್‌ಗೆ ಹೋದ. 1986ರ ಸೆಪ್ಟೆಂಬರ್ 18ರಂದು 33ನೇ ವಯಸ್ಸಿಗೆ ತೀರಿಕೊಂಡ. ತನಗೆ ಏಡ್ಸ್ ಅಂತ ಕೊನೆಯವರೆಗೂ ಒಪ್ಪಲಿಲ್ಲ. ಆಂಡಿಯ ಡೈರಿ ಮೂರು ದಿನದ ನಂತರ ಹೇಳುವುದು: ಲಾಸ್ ಏಂಜಲೀಸ್‌ನಿಂದ ಬಂದ ಇನ್ನೊಂದು ಸುದ್ದಿಯನ್ನು ಡೈರಿ ತಾನೇ ಬರೆದುಕೊಳ್ಳಲಿ, ನನಗೆ ಅದನ್ನು ಮಾತಾಡಲು ಇಷ್ಟವಿಲ್ಲ.

ಉಪಯೋಗಿಸಿಕೊಂಡನಾ ಅನ್ನುವುದಕ್ಕೆ ಸರಣಿ ತೀರ್ಪು ಕೊಡುವುದಿಲ್ಲ. ನನಗೆ ಕಂಡದ್ದು ಹೇಳುತ್ತೇನೆ: ಸುಮ್ಮನೆ ಉಪಯೋಗಕ್ಕೆ ಅಂತ ಬಂದವನು ಯಾರಿಗೂ ತಿಳಿಯಬಾರದು ಅಂತ ಅಷ್ಟು ಒದ್ದಾಡುತ್ತಿರಲಿಲ್ಲ. ವಾರ್ಹೋಲ್ ಹೆಸರು ಹೇಳಿಕೊಂಡು ಮೆರೆಯುತ್ತಿದ್ದ.

ಬಾಸ್ಕಿಯಾ ಅನ್ನೋ ಹುಡುಗನ ಜೊತೆಗಿನದು ಗೆಳೆತನನಾ, ವ್ಯಾಪಾರನಾ?

ಎರಡೂ. 1982ರ ಅಕ್ಟೋಬರ್‌ನಲ್ಲಿ ಒಂದು ಊಟಕ್ಕೆ ಇಬ್ಬರೂ ಸೇರಿದರು. ಊಟ ಮುಗಿಸಿ ಹೋದ ಬಾಸ್ಕಿಯಾ ಎರಡೇ ಗಂಟೆಯಲ್ಲಿ ತಮ್ಮಿಬ್ಬರದೇ ಚಿತ್ರ ಬರೆದು ಬಣ್ಣ ಒಣಗುವ ಮೊದಲೇ ಕಳಿಸಿಕೊಟ್ಟ. ಆಂಡಿಗೆ ಹೊಟ್ಟೆಕಿಚ್ಚಾಯಿತು, ತನಗಿಂತ ಬೇಗ ಬರೆಯುತ್ತಾನಲ್ಲ ಅಂತ. 1983ರಲ್ಲಿ ತನ್ನದೇ ಕಟ್ಟಡವೊಂದನ್ನು ಅವನಿಗೆ ಬಾಡಿಗೆಗೆ ಕೊಟ್ಟ. ಇಬ್ಬರೂ ಕೂಡಿ ಬರೆದ ಚಿತ್ರಗಳು ಸುಮಾರು 160. ಮೊದಲು ಅವರ ಜೊತೆ ಇಟಲಿಯ ಫ್ರಾಂಚೆಸ್ಕೊ ಕ್ಲೆಮೆಂಟೆಯೂ ಇದ್ದ, ನಮ್ಮ ಮದ್ರಾಸಿನಲ್ಲಿ ಬಹಳ ಕಾಲ ಕಳೆದವನು ಅವನು.

1985ರ ಸೆಪ್ಟೆಂಬರ್‌ನಲ್ಲಿ ಅದರಲ್ಲಿ 16 ಚಿತ್ರಗಳ ಪ್ರದರ್ಶನವಾಯಿತು. ಪೋಸ್ಟರ್‌ನಲ್ಲಿ ಇಬ್ಬರೂ ಬಾಕ್ಸಿಂಗ್ ಗ್ಲೋವ್ಸ್ ಹಾಕಿಕೊಂಡು ನಿಂತಿದ್ದಾರೆ. ನ್ಯೂಯಾರ್ಕ್ ಟೈಮ್ಸ್ ವಿಮರ್ಶೆ ಬಾಸ್ಕಿಯಾನನ್ನು ಕಲಾಲೋಕದ ಮ್ಯಾಸ್ಕಾಟ್, ಅಂದರೆ ಶೋಭೆಗೆ ಇಟ್ಟುಕೊಂಡ ಗೊಂಬೆ, ಅಂತ ಹೀಯಾಳಿಸಿತು. ಇಪ್ಪತ್ತನಾಲ್ಕರ ಕಪ್ಪು ಹುಡುಗನಿಗೆ ಆ ಪದ ಹೇಗೆ ತಾಗಿರಬಹುದು? ಅವನು ದೂರವಾದ. ಆಂಡಿ ಸತ್ತ ಮರುವರ್ಷ, 1988ರ ಆಗಸ್ಟ್ 12ರಂದು, 27ಕ್ಕೇ ಅವನೂ ಹೋದ.

ಕಪ್ಪು ಜನರ ಬಗ್ಗೆ ಇಂದು ಕೇಳಿದರೆ ಮುಜುಗರ ಆಗುವ ಮಾತುಗಳು ಡೈರಿಯಲ್ಲಿವೆ. ಸರಣಿ ಅವನ್ನು ಒರೆಸಿ ಹಾಕಿಲ್ಲ. ಕಪ್ಪು ಕಲಾವಿದರನ್ನೇ ಕೂರಿಸಿ ಕೇಳಿದೆ. ನಾಲ್ಕನೇ ಕಂತು ನನಗೆ ಗಟ್ಟಿಯಾಗಿ ಕಂಡದ್ದು ಇದರಿಂದ.

ಅವನು ಚರ್ಚಿಗೆ ಹೋಗ್ತಿದ್ದ ಅಂತ ತೋರಿಸ್ತಾರೆ. ನಾಟಕ ಅಲ್ವಾ?

ಅಲ್ಲ. ಕ್ರೈಸ್ತರಲ್ಲಿ ಬೈಜಾಂಟೈನ್ ಕ್ಯಾಥೊಲಿಕ್ ಎಂಬ ಪಂಗಡದ ಮನೆತನ, ತಾಯಿ ಮಹಾ ದೈವಭಕ್ತೆ. ಸೇಂಟ್ ವಿನ್ಸೆಂಟ್ ಫೆರರ್ ಚರ್ಚಿಗೆ ಹೋಗಿ ಹಿಂದಿನ ಸಾಲಿನಲ್ಲಿ ಸ್ವಲ್ಪ ಹೊತ್ತು ಕೂತು ಬರುತ್ತಿದ್ದ. ಹಬ್ಬದ ದಿನ ಇನ್ನೊಂದು ಚರ್ಚಿನಲ್ಲಿ ಮನೆಯಿಲ್ಲದವರಿಗೆ ಊಟ ಬಡಿಸುತ್ತಿದ್ದ. ಇದನ್ನು ಯಾರಿಗೂ ಸಾರಲಿಲ್ಲ. ಎಲ್ಲವನ್ನೂ ಸಾರುವವನು ಇದನ್ನು ಸಾರಲಿಲ್ಲ ಅನ್ನುವುದನ್ನು ಗಮನಿಸಿ.

## ತೊಡಕಿನ ಪ್ರಶ್ನೆಗಳು

ಸತ್ತವನು ಹೇಗೆ ಮಾತಾಡ್ತಾನೆ? ಅದು ಹಳೇ ಟೇಪಾ?

ಅಲ್ಲ, ಎಐ. ಡೈರಿಯ ಸಾಲುಗಳನ್ನು ವಾರ್ಹೋಲ್‌ನದೇ ದನಿಯಲ್ಲಿ ಕೇಳಿಸಬೇಕು ಅಂತ ರಾಸಿ ಹಟ ಹಿಡಿದರು. ರಿಸೆಂಬಲ್ ಎಐ ಎಂಬ ಕಂಪನಿ ಅದನ್ನು ಮಾಡಿಕೊಟ್ಟಿತು. ಅವರ ಕೈಗೆ ಸಿಕ್ಕ ಬಳಸಬಹುದಾದ ಮೂಲ ದನಿ ಬರೀ 3 ನಿಮಿಷ 12 ಸೆಕೆಂಡ್. ಬದುಕಿಡೀ ಟೇಪ್ ರೆಕಾರ್ಡರ್ ಹಿಡಿದು ಓಡಾಡಿದವನದು!

ಯಂತ್ರದ ದನಿ ಒಂದೇ ಚಪ್ಪಟೆ ಆಗಬಾರದು ಅಂತ ನಟ ಬಿಲ್ ಇರ್ವಿನ್ ಅವವೇ ಸಾಲುಗಳನ್ನು ಓದಿದರು. ಎಲ್ಲಿ ತಡೆಯಬೇಕು, ಎಲ್ಲಿ ಉಸಿರು ಬಿಡಬೇಕು ಅನ್ನುವುದು ಅವರದು, ದನಿಯ ಬಣ್ಣ ವಾರ್ಹೋಲ್‌ನದು. ತೊಗಲುಗೊಂಬೆ ಆಟದಲ್ಲಿ ಪರದೆಯ ಹಿಂದೆ ಒಬ್ಬರು ಕೂತಿರುತ್ತಾರಲ್ಲ, ಹಾಗೆ.

ಇದು ತಪ್ಪಲ್ವಾ? ಅವನನ್ನ ಕೇಳಿದ್ರಾ?

ವಾರ್ಹೋಲ್ ಪ್ರತಿಷ್ಠಾನದ ಒಪ್ಪಿಗೆ ಪಡೆದಿದ್ದಾರೆ, ಅದನ್ನು ಸರಣಿಯಲ್ಲೇ ಬರೆದು ತೋರಿಸುತ್ತಾರೆ. ಹಿಂದಿನ ವರ್ಷ, 2021ರಲ್ಲಿ, ತೀರಿಕೊಂಡಿದ್ದ ಅಮೆರಿಕದ ಬಾಣಸಿಗ ಆಂಟನಿ ಬೋರ್ಡೇನ್ ಬಗ್ಗೆ ಬಂದ ಸಾಕ್ಷ್ಯಚಿತ್ರದಲ್ಲಿ ಎಐ ದನಿ ಬಳಸಿದ್ದು ಬಿಡುಗಡೆಯ ಹೊತ್ತಿಗಷ್ಟೇ ಗೊತ್ತಾಗಿ ದೊಡ್ಡ ರಾದ್ಧಾಂತ ಆಗಿತ್ತು. ಇಲ್ಲಿ ಹಾಗೆ ಮುಚ್ಚಿಡಲಿಲ್ಲ. ಮೇಲಾಗಿ 80ರ ದಶಕದಲ್ಲಿ ತನ್ನದೇ ರೂಪದ ರೋಬಾಟ್ ಮಾಡಿ ರಂಗದ ಮೇಲೆ ಕೂರಿಸುವ ಯೋಜನೆಗೆ ಆಂಡಿ ಒಪ್ಪಿ, ಮುಖದ ಅಚ್ಚು ಕೂಡ ಕೊಟ್ಟಿದ್ದ. ಯಾರಿಗಾದರೂ ಇದು ಒಗ್ಗುತ್ತದೆ ಅಂದರೆ ಅವನಿಗೇ.

ಆದರೂ ನನಗೊಂದು ಕಿರಿಕಿರಿ ಉಳಿಯಿತು. ಮೊದಲ ಕಂತಿನಲ್ಲಿ ಆ ದನಿ ಕೇಳಿದಾಗಲೆಲ್ಲ ‘ಇದು ಯಂತ್ರ’ ಅಂತ ನೆನಪಿತ್ತು. ಮೂರನೆಯದರ ಹೊತ್ತಿಗೆ ಮರೆತೇಬಿಟ್ಟೆ. ಜಾನ್ ಸತ್ತ ಸಾಲು ಬಂದಾಗ ದನಿ ಸ್ವಲ್ಪ ತಡವರಿಸುತ್ತದೆ, ನನ್ನ ಗಂಟಲೂ ಬಿಗಿಯಿತು. ಆಮೇಲೆ ಹೊಳೆಯಿತು: ಹಾಗೆ ತಡವರಿಸಿದವನು ಆಂಡಿ ಅಲ್ಲ. ಅವನು ಆ ಬೆಳಿಗ್ಗೆ ಫೋನಿನಲ್ಲಿ ಅದನ್ನು ಹೇಗೆ ಹೇಳಿದನೋ ಕೇಳಿದ್ದು ಹ್ಯಾಕೆಟ್ ಒಬ್ಬರೇ.

ಹಾಗಾದ್ರೆ ನಾವು ಕೇಳ್ತಿರೋದ್ರಲ್ಲಿ ಅವನದೇ ಮಾತು ಎಷ್ಟು?

ನಾಲ್ಕು ಜರಡಿ ಹಿಡಿದ ಹಿಟ್ಟು ಇದು. ನಡೆದದ್ದರಲ್ಲಿ ಅವನು ಹೇಳಿದ್ದು ಸ್ವಲ್ಪ. ಹೇಳಿದ್ದರಲ್ಲಿ ಹ್ಯಾಕೆಟ್ ಬರೆದುಕೊಂಡದ್ದು ಒಂದಷ್ಟು. 20,000 ಪುಟದಿಂದ 800ಕ್ಕೆ ಇಳಿಸುವಾಗ ಉದುರಿದ್ದು ಬಹಳ. ಆ 800ರಲ್ಲಿ ಆರು ಗಂಟೆಗೆ ಬೇಕಾದ್ದನ್ನು ರಾಸಿ ಆರಿಸಿದ್ದು ಇನ್ನೂ ಕಮ್ಮಿ. ಮೊದಲ ಜರಡಿ ಹಿಡಿದವನು ಆಂಡಿಯೇ ಅನ್ನುವುದನ್ನು ಮರೆಯಬೇಡಿ. ಬೆಳಿಗ್ಗೆ ಎದ್ದು ಇನ್ನೊಬ್ಬರಿಗೆ ಹೇಳಿ ಬರೆಸುವ ಡೈರಿಯಲ್ಲಿ ಗುಟ್ಟು ಎಷ್ಟು ಇದ್ದೀತು?

ಜಾನ್‌ಗೆ ಇಷ್ಟ ಇರಲಿಲ್ಲ ಅಂತಾರೆ. ಆದ್ರೂ ತೋರಿಸಿದ್ರಲ್ಲ?

ಈ ಪುಟದಲ್ಲಿ ನನಗೆ ಉತ್ತರ ಕಷ್ಟವಾದ ಪ್ರಶ್ನೆ ಇದೊಂದೇ. ತನ್ನ ಬಗ್ಗೆ ಖಾಸಗಿಯಾದದ್ದೇನೂ ಡೈರಿಯಲ್ಲಿ ಬೇಡ ಅಂತ ಜಾನ್ ಬದುಕಿದ್ದಾಗಲೇ ಹೇಳಿದ್ದ. ಆಂಡಿ ಅದನ್ನು ಕೂಡ ಡೈರಿಗೇ ಹೇಳಿಬಿಟ್ಟ!

ಆಂಡಿ ಬಗ್ಗೆ ನನಗೆ ಅಂಥ ಅಳುಕಿಲ್ಲ. ಅವನು ಚೀಟಿ, ಟಿಕೆಟ್, ಪತ್ರ ಎಲ್ಲವನ್ನೂ 610 ಪೆಟ್ಟಿಗೆಗಳಲ್ಲಿ ತುಂಬಿಟ್ಟು ಹೋದವನು. ಅವು ಈಗ ಪಿಟ್ಸ್‌ಬರ್ಗ್‌ನ ಅವನ ಹೆಸರಿನ ಮ್ಯೂಸಿಯಂನಲ್ಲಿವೆ. ಜಾನ್ ಹಾಗಲ್ಲ. ಅವನ ಅವಳಿ ಸೋದರ ಮುಂದೆ ಬಂದು ಮಾತಾಡಿದ್ದರಿಂದ ಮನೆಯವರ ಸಮ್ಮತಿ ಇತ್ತು ಅಂದುಕೊಳ್ಳಬಹುದು. ಇನ್ನೊಂದು ಕಡೆಯಿಂದ ನೋಡಿದರೆ, ಅವನು ಮುಚ್ಚಿಟ್ಟದ್ದು ನಾಚಿಕೆಯಿಂದಲ್ಲ, ಭಯದಿಂದ. ಆ ಭಯ ಹುಟ್ಟಿಸಿದ ಕಾಲ ಹೋದ ಮೇಲೂ ಅವನನ್ನು ಬಚ್ಚಿಟ್ಟೇ ಇಡಬೇಕಾ? ನಾನು ಎರಡು ಸಲ ನೋಡಿದೆ. ಮೊದಲ ಸಲ ತೋರಿಸಿದ್ದು ಸರಿ ಅನ್ನಿಸಿತು, ಎರಡನೇ ಸಲ ಅಷ್ಟು ಖಾತ್ರಿ ಇರಲಿಲ್ಲ.

ಕೊನೇ ಕಂತಿನ ‘ಕೊನೆಯ ಭೋಜನ’ ಚಿತ್ರಗಳಿಗೂ ಏಡ್ಸ್‌ಗೂ ಏನು ಸಂಬಂಧ? ಎಳೆದು ಕಟ್ಟಿದ ಹಾಗಿದೆ.

ಇಟಲಿಯ ಮಿಲಾನಿನಲ್ಲಿ, ಯೇಸುವಿನ ಕೊನೆಯ ಭೋಜನವನ್ನು ಲಿಯೊನಾರ್ಡೊ ಡಾ ವಿಂಚಿ ಬರೆದ ಭಿತ್ತಿಚಿತ್ರ ಇರುವ ಚರ್ಚಿನ ಎದುರಿಗೇ 1987ರ ಜನವರಿಯಲ್ಲಿ ವಾರ್ಹೋಲ್ ಪ್ರದರ್ಶನ ಇಟ್ಟ. ಅದಕ್ಕೆ ಹೇಳಿ ಮಾಡಿಸಿದ್ದು ಅಲೆಕ್ಸಾಂಡರ್ ಅಯೋಲಸ್ ಎಂಬ ಗ್ಯಾಲರಿಯವನು, ಅವನೂ ಅದೇ ವರ್ಷ ಏಡ್ಸ್‌ನಿಂದ ಸತ್ತ. ಈ ವಸ್ತುವಿನ ಮೇಲೆ ಆಂಡಿ ಮಾಡಿದ್ದು ನೂರಕ್ಕೂ ಹೆಚ್ಚು ಕೃತಿ. ಕೇಳಿದ್ದಕ್ಕಿಂತ ತೀರಾ ಜಾಸ್ತಿ. ಅದರಲ್ಲೊಂದರ ಹೆಸರು ‘ದಿ ಬಿಗ್ ಸಿ’. ಹಾಗಂದರೆ ಆಡುಮಾತಿನಲ್ಲಿ ಕ್ಯಾನ್ಸರ್. ಏಡ್ಸನ್ನು ಆಗ ಸಲಿಂಗಿಗಳ ಕ್ಯಾನ್ಸರ್ ಅಂತ ಕರೆಯುತ್ತಿದ್ದರು. ಆಂಡಿಯೂ ಡೈರಿಯಲ್ಲಿ ಹಾಗೇ ಅನ್ನುತ್ತಾನೆ. ಕ್ಯುರೇಟರ್ ಜೆಸ್ಸಿಕಾ ಬೆಕ್ ಇದನ್ನೆಲ್ಲ ಜೋಡಿಸಿ, ಇವು ಜಾನ್‌ಗಾಗಿ ಅತ್ತ ಅಳು ಅನ್ನುತ್ತಾರೆ.

ನನಗೆ ಒಪ್ಪಿಗೆ, ಮುಕ್ಕಾಲು ಪಾಲು. ಮಾತಿನಲ್ಲಿ ಒಂದು ಸಾಲಿಗೆ ಕತ್ತರಿಸಿದವನು ಕ್ಯಾನ್ವಾಸಿನ ಮೇಲೆ ನೂರು ಸಲ ಹೇಳಿದ್ದರೆ ಆಶ್ಚರ್ಯವಿಲ್ಲ. ಆದರೆ ಸರಣಿ ಪಿಯಾನೋ ಬಾರಿಸಿ ಬಾರಿಸಿ ನಮ್ಮನ್ನು ಒಪ್ಪಿಸಲು ನೋಡುವ ಅಗತ್ಯ ಇರಲಿಲ್ಲ.

ನಿಮಗೆ ಹಿಡಿಸದ್ದು ಏನೂ ಇಲ್ವಾ?

ಇದೆ. ಟೆಲಿಫೋನ್ ಹಿಡಿದ ನಟನ ಬೆನ್ನು, ಕೈ, ವಿಗ್ ತೋರಿಸುವ ನಟನೆಯ ದೃಶ್ಯಗಳು ಬೇಕಿರಲಿಲ್ಲ. ಐದನೇ ಕಂತು ಎಳೆಯುತ್ತದೆ. ದುಡ್ಡಿನ ವಿಷಯ, ಅವನ ಕೈಕೆಳಗೆ ಕೆಲಸ ಮಾಡಿದವರ ಕಷ್ಟ, ಇವನ್ನು ಮುಟ್ಟಿ ಬಿಡುತ್ತದೆ. ಡೈರಿಗೂ ಮೊದಲಿನ ಅರವತ್ತರ ದಶಕ ಓಡಿಹೋಗುತ್ತದೆ, ಆಗಿನ ಫ್ಯಾಕ್ಟರಿಯಲ್ಲಿ ಹಾಳಾದ ಹುಡುಗ ಹುಡುಗಿಯರ ಕಥೆ ಇದೇ ಮನುಷ್ಯನ ಇನ್ನೊಂದು ಮುಖ. ಇಲ್ಲಿ ಅವನು ಸ್ವಲ್ಪ ಜಾಸ್ತಿಯೇ ಪಾಪದವನಾಗಿ ಕಾಣುತ್ತಾನೆ.

ಕೊನೇ ನಮೂದಿನಲ್ಲಿ ಏನಿದೆ? ಸಾವು ಗೊತ್ತಾಗಿತ್ತಾ?

ಗೊತ್ತಾದ ಸುಳಿವಿಲ್ಲ. ಪಿತ್ತಕೋಶದ ನೋವನ್ನು ಆಸ್ಪತ್ರೆಯ ಭಯಕ್ಕೆ ವರ್ಷಗಟ್ಟಲೆ ಮುಂದೂಡಿದ್ದ. ಕೊನೆಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ. ಅದಾದ ಮಾರನೇ ದಿನ, 1987ರ ಫೆಬ್ರವರಿ 22ರ ಬೆಳಗಿನ ಜಾವ, ತೀರಿಕೊಂಡ. 58 ವರ್ಷ.

ಕೊನೆಯ ನಮೂದು ಅದಕ್ಕೆ ಐದು ದಿನ ಮೊದಲಿನದು. ಆ ಸಂಜೆ ಒಂದು ಫ್ಯಾಷನ್ ಶೋನಲ್ಲಿ ಜಾಝ್ ವಾದಕ ಮೈಲ್ಸ್ ಡೇವಿಸ್ ಜೊತೆ ವೇದಿಕೆ ಮೇಲೆ ನಡೆದಿದ್ದ. ಮೈಲ್ಸ್‌ಗೆ ಬಂಗಾರದ ಸ್ವರಚಿಹ್ನೆಗಳ ಭಾರಿ ಉಡುಪು ಹೊಲಿಸಿದ್ದಾರೆ, ನನಗೆ ಏನೂ ಮಾಡಿಸಿಲ್ಲ, ಮಲಮಗನ ಹಾಗೆ ಆಯ್ತು ನನ್ನ ಪಾಡು ಅಂತ ಗೊಣಗುತ್ತಾನೆ. ಅದರ ಮೇಲೆ, ನೀನು ತುಂಬ ನಿಧಾನ ನಡೆದೆ ಅಂತಲೂ ಅಂದರಂತೆ. ಹೊಟ್ಟೆನೋವಿನಲ್ಲಿ ನಡೆದವನಿಗೆ.